ಎಕ್ಸ್‌ರೇ ಮೇಜಿನ ಮೇಲೆ ಅಲುಗಾಡಿದರೆ



ಮಳೆಗಾಲದ ಜೋಗದ ಕೆಲವು ಫೋಟೋಗಳಲ್ಲಿ ನೀರು ಹಿಂಜಿದ ಅರಳೆಯ ಹಾಗೆ ಕಾಣುತ್ತದೆ. ಪಕ್ಕದ ಬಂಡೆಯ ಬಿರುಕು ಮಾತ್ರ ಗೆರೆ ಕೊರೆದಷ್ಟು ಸ್ಪಷ್ಟ. ಕ್ಯಾಮೆರಾದ ಕಣ್ಣು ಒಂದೆರಡು ಸೆಕೆಂಡು ತೆರೆದಿತ್ತು. ಅಷ್ಟರಲ್ಲಿ ಬಂಡೆ ಕದಲಲಿಲ್ಲ, ನೀರು ಹರಿಯಿತು. ಎಕ್ಸ್‌ರೇಯಲ್ಲೂ ಆಗುವುದು ಇದೇ.

1895ರ ಡಿಸೆಂಬರಿನಲ್ಲಿ, ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗ ಆಕೆ ಸುಮಾರು ಕಾಲು ಗಂಟೆ ಕೈ ಕದಲಿಸದೆ ಕೂರಬೇಕಾಯಿತು. ಈಗ ಎದೆಯ ಚಿತ್ರಕ್ಕೆ ಸೆಕೆಂಡಿನ ಸಣ್ಣದೊಂದು ಪಾಲು ಸಾಕು. ಸಿ.ಟಿ. ಸ್ಕ್ಯಾನ್‌ಗೆ ಮಾತ್ರ ಹಲವು ಸೆಕೆಂಡು ಬೇಕು. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಮರದಿಂದ ಬಿದ್ದವರನ್ನು ನೆನೆಸಿಕೊಳ್ಳಿ. ಸೊಂಟ ಸಿಡಿಯುವ ನೋವು, ಮೇಲೆ ಗಾಬರಿ. ಎಷ್ಟು ಹೊತ್ತು ಸುಮ್ಮನಿದ್ದಾರು?

ಅಲುಗಿದರೆ ಮೂಳೆಯ ಕೂದಲೆಳೆಯಂಥ ಬಿರುಕು ಮಸುಕಿನಲ್ಲಿ ಮುಚ್ಚಿಹೋಗಬಹುದು. ತಲೆಯ ಸಿ.ಟಿ.ಯಲ್ಲಿ ಮೂಡುವ ಪಟ್ಟೆಗಳು ಇಲ್ಲದ ರಕ್ತಸ್ರಾವವನ್ನು ಇದ್ದಂತೆ ತೋರಿಸಬಹುದು, ಇರುವುದನ್ನು ಮರೆಸಲೂಬಹುದು. ಮತ್ತೆ ತೆಗೆಯೋಣವೆಂದರೆ ವಿಕಿರಣವೂ ಮತ್ತೊಮ್ಮೆ. ತಲೆಯ ಒಂದು ಸಿ.ಟಿ.ಯ ವಿಕಿರಣ ಎದೆಯ ಒಂದು ಎಕ್ಸ್‌ರೇಯ ಸುಮಾರು ನೂರು ಪಟ್ಟು.

ಅಲುಗಾಡಿದ್ದು ಗೊತ್ತಾಗುವುದು ಹೇಗೆ? ಎದೆಯ ಚಿತ್ರವಾದರೆ ಪಳಗಿದ ತಂತ್ರಜ್ಞರ ಕಣ್ಣೇ ಸಾಕು. ಭುಜದ ಮೂಳೆ ಚೂಪಾಗಿದ್ದು ಉಸಿರಿನೊಂದಿಗೆ ಏರಿಳಿಯುವ ವಪೆಯ ಅಂಚು ಮಾತ್ರ ಎರಡಾಗಿ ಕಂಡರೆ ರೋಗಿ ಉಸಿರು ಬಿಟ್ಟಿದ್ದಾರೆ. ಎಲ್ಲವೂ ಮಸುಕಾಗಿದ್ದರೆ ಮೈಯೇ ಕದಲಿದೆ.

ಸಿ.ಟಿ.ಯ ಲೆಕ್ಕ ಇನ್ನೂ ಸೂಕ್ಷ್ಮ. 2025ರಲ್ಲಿ ಸೇತುವೆ ತೆರೆಯುವ ಮೊದಲು ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಲಿಂಗನಮಕ್ಕಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿದವರಿಗೆ ದಡವೇ ಸರಿದಂತೆ ಕಂಡ ನೆನಪಿರಬಹುದು. ಲಾಂಚು ಎಷ್ಟು ಸಾಗಿತೆಂಬುದು ಗೊತ್ತಿದ್ದರೆ ಅಷ್ಟನ್ನು ಕಳೆದು, ಮಿಕ್ಕದ್ದು ಯಾರ ಚಲನೆಯೆಂದು ಹೇಳಬಹುದು. ಸಿ.ಟಿ.ಯಲ್ಲಿ ಎಕ್ಸ್‌ರೇ ಕೊಳವೆ ರೋಗಿಯ ಸುತ್ತ ತಿರುಗುತ್ತದೆ. ಯಾವ ಕ್ಷಣ ಎಲ್ಲಿತ್ತೆಂಬುದು ಕಂಪ್ಯೂಟರಿಗೆ ಗೊತ್ತು. ಅರ್ಧ ಸುತ್ತಿನ ಬಳಿಕ ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಎದುರು ದಿಕ್ಕಿನಿಂದ ಕಿರಣ ಹಾಯುತ್ತದೆ. ರೋಗಿ ಸುಮ್ಮನಿದ್ದರೆ ಎರಡೂ ಸಲ ಕಿರಣ ಕುಂದುವುದು ಒಂದೇ ಪ್ರಮಾಣದಲ್ಲಿ. ತಾಳೆಯಾಗದಿದ್ದರೆ ನಡುವೆ ರೋಗಿ ಕದಲಿದ್ದಾರೆ. ಎಷ್ಟು, ಯಾವ ಕಡೆಗೆ ಎಂದು ಅಂದಾಜಿಸಿ ಚಿತ್ರವನ್ನು ತಿದ್ದುವ ತಂತ್ರಾಂಶಗಳೂ ಇವೆ. ಹೃದಯವನ್ನಂತೂ ನಿಲ್ಲಿಸುವ ಹಾಗಿಲ್ಲ, ಇ.ಸಿ.ಜಿ. ನೋಡುತ್ತ, ಅದು ತೀರ ಕಡಿಮೆ ಚಲಿಸುವ ಗಳಿಗೆಯಲ್ಲಿ ಚಿತ್ರ ಹಿಡಿಯುತ್ತಾರೆ.

ಅಲುಗಿದ ರೋಗಿಯನ್ನು ಗದರುವುದು ನನಗೆ ಸರಿಕಾಣದು. ನೋವು, ನಡುಕ, ಕೆಮ್ಮು ಯಾರ ಮಾತನ್ನೂ ಕೇಳುವುದಿಲ್ಲ. ಆದ್ದರಿಂದ ಕೇಳುಗರೇ, ಮೇಜಿನ ಮೇಲೆ ಮಲಗುವ ಮೊದಲೇ ಹೇಳಿಬಿಡಿ: ಕೆಮ್ಮು ಬರುತ್ತಿದೆ, ಕೈ ನಡುಗುತ್ತದೆ, ಉಸಿರು ಹಿಡಿಯಲು ಆಗುವುದಿಲ್ಲ. ನಡುವೆ ಅಲುಗಾಡಿದ್ದರೆ ಸಂಕೋಚ ಬೇಡ, ಎದ್ದು ಹೋಗುವ ಮುನ್ನ ತಿಳಿಸಿ.