ಶುಲ್ಕ ಕಟ್ಟುವ ದಿನ ಮಹಲ್ಲಾ ಎಲ್ಲಿರುತ್ತದೆ?



ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ದಿನಗೂಲಿಗೆ ದುಡಿಯುವ ತಂದೆಯ ಮಗಳು ಸಿಇಟಿಯಲ್ಲಿ ಸೀಟು ಪಡೆದರೂ ಶುಲ್ಕ ಕಟ್ಟುವ ದಿನ ಮನೆಯಲ್ಲಿ ಹಣವಿರುವುದಿಲ್ಲ. 2006ರ ಸಾಚಾರ್ ವರದಿ ನಮ್ಮ ಶೈಕ್ಷಣಿಕ ಹಿನ್ನಡೆಯನ್ನು ದೇಶದ ಮುಂದಿಟ್ಟಿತು. ಮರುವರ್ಷವೇ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂತು. 2022ರಲ್ಲಿ ಮೌಲಾನಾ ಆಝಾದ್ ಫೆಲೋಶಿಪ್ ನಿಂತೂ ಹೋಯಿತು.

ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲದ ಶೇ. 2ರ ಸೇವಾಶುಲ್ಕ ಬಡ್ಡಿಯೇ ಎಂದು ನಾವು ಚರ್ಚಿಸುತ್ತೇವೆ. ಉಲಮಾಗಳನ್ನು ಕೇಳೋಣ. ಆದರೆ ಬಡ್ಡಿಯಿಲ್ಲದ ಸಾಲ ಕೊಡಲು ನಮ್ಮ ಮಹಲ್ಲಾದಲ್ಲಿ ಯಾವ ನಿಧಿಯಿದೆ? (ಮದುವೆಯ ಶಾಮಿಯಾನಕ್ಕೆ ಮಾತ್ರ ಎಂದೂ ಕೊರತೆಯಿಲ್ಲ!) ರಮಝಾನಿನಲ್ಲಿ ಝಕಾತನ್ನು ಚಿಲ್ಲರೆಯಾಗಿ ಹಂಚಿ ಮುಗಿಸದೆ, ಅರ್ಹ ಬಡ ವಿದ್ಯಾರ್ಥಿಗೆ ಇಡೀ ವರ್ಷದ ಶುಲ್ಕವನ್ನೇ ಕೊಡೋಣ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಪಿಯುಸಿ ಫಲಿತಾಂಶಕ್ಕೆ ಮುನ್ನವೇ ಮಾಡಿಸಿಕೊಡಲು ಇಬ್ಬರು ಯುವಕರು ಜುಮಾ ಬಳಿಕ ಮಸೀದಿಯಲ್ಲಿ ಕುಳಿತುಕೊಳ್ಳಲಿ. ಹೆಸರು ಕೊಡುವವರು ಈಗಲೇ ಮುಂದೆ ಬನ್ನಿ.