ಹೇರುಗುದುರೆಯ ಬೆನ್ನು



ಕುದುರೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಖಡ್ಗ ಹಿಡಿದ ಸವಾರ, ಇಲ್ಲವೇ ದಸರಾ ಮೆರವಣಿಗೆ. ಮೂಟೆ ಹೊತ್ತು ತಲೆ ತಗ್ಗಿಸಿ ನಡೆಯುವ ಕುದುರೆ ಯಾರಿಗೂ ನೆನಪಾಗುವುದಿಲ್ಲ. ಆದರೆ ಅಮೆರಿಕದ ಪಶ್ಚಿಮ ಭಾಗದ ರಾಕಿ ಪರ್ವತಗಳಲ್ಲಿ ಮನುಷ್ಯನ ಸಂಚಾರ ಸಾಧ್ಯವಾದದ್ದು ಬಹುಮಟ್ಟಿಗೆ ಹೇರುಗುದುರೆ ಮತ್ತು ಹೇಸರಗತ್ತೆಗಳಿಂದ. ಉಪ್ಪು, ಅಡಿಕೆ, ಮೆಣಸು ಹೊತ್ತು ಘಟ್ಟ ಹತ್ತಿಳಿಯುತ್ತಿದ್ದ ಹೇರೆತ್ತುಗಳ ಕಥೆ ಕೇಳಿದವರಿಗೆ ಇದು ತೀರಾ ಹೊರಗಿನ ಸಂಗತಿ ಎನ್ನಿಸದು.

1805ರ ಆಗಸ್ಟ್ ತಿಂಗಳು. ಪೆಸಿಫಿಕ್ ಸಾಗರದ ದಾರಿ ಹುಡುಕುತ್ತ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ, ದೋಣಿ ಮುಂದೆ ಸಾಗದ ಜಾಗ ತಲುಪಿತ್ತು. ಎದುರಿಗೆ ಬೆಟ್ಟ. ಕುದುರೆ ಸಿಗದಿದ್ದರೆ ಪಯಣ ಅಲ್ಲಿಗೇ ಮುಗಿಯುವಂತಿತ್ತು. ಕುದುರೆಗಳಿದ್ದದ್ದು ಶೋಶೋನಿ ಜನರ ಬಳಿ. ಅವರ ಮುಖಂಡ ಕಮಿಯಾವೇಟ್, ತಂಡದ ಜತೆಗಿದ್ದ ಶೋಶೋನಿ ಹೆಣ್ಣುಮಗಳು ಸಕಾಗವಿಯಾಳ ಸೋದರನೆಂಬುದು ಮಾತುಕತೆಗೆ ಕೂತಾಗ ತಿಳಿಯಿತು! ವ್ಯಾಪಾರ ಕುದುರಿತು. ಸುಮಾರು 29 ಕುದುರೆಗಳು ತಂಡದ ಕೈಸೇರಿದವು.

ಸೆಪ್ಟೆಂಬರ್ 15ರಂದು ಬಿಟರ್‌ರೂಟ್ ಬೆಟ್ಟಗಳ ಕಡಿದಾದ ಏರಿನಲ್ಲಿ ಹಲವು ಕುದುರೆಗಳು ಜಾರಿದವು. ಕ್ಲಾರ್ಕನ ಬರವಣಿಗೆಯ ಮೇಜು ಹೊತ್ತಿದ್ದ ಕುದುರೆ ಉರುಳುತ್ತ ಹೋಗಿ ಮರವೊಂದಕ್ಕೆ ತಗುಲಿ ನಿಂತಿತು. ಮೇಜು ಪುಡಿಯಾಯಿತು, ಕುದುರೆಗೆ ಹೆಚ್ಚೇನೂ ಆಗಲಿಲ್ಲ. ಆ ಬೆಟ್ಟದಲ್ಲಿ ಬೇಟೆ ಸಿಗದೆ, ಹಸಿವು ತಾಳಲಾರದೆ ತಂಡದವರು ಕುದುರೆಮರಿಗಳನ್ನೇ ಕೊಂದು ತಿಂದರು. ಆಚೆ ಬದಿಯಲ್ಲಿ ಅನ್ನ ಕೊಟ್ಟು ಉಳಿಸಿದವರು ನೆಜ್ ಪರ್ಸ್ ಜನ. ತಂಡ ಸಾಗರದತ್ತ ಹೋಗಿ 1806ರಲ್ಲಿ ಮರಳುವವರೆಗೆ ಕುದುರೆಗಳು ಉಳಿದದ್ದೂ ಅವರ ಬಳಿಯಲ್ಲೇ.

ಹಾಗಾದರೆ ಈ ಜನರಿಗೆ ಕುದುರೆ ಬಂದದ್ದೆಲ್ಲಿಂದ? ಕುದುರೆಯ ಮೂಲ ಉತ್ತರ ಅಮೆರಿಕವೇ. ಆದರೆ ಸುಮಾರು 10,000 ವರ್ಷಗಳ ಹಿಂದೆ ಅದು ಅಲ್ಲಿ ಅಳಿದುಹೋಯಿತು. ಮರಳಿ ತಂದವರು ಸ್ಪೇನಿನವರು. 1680ರ ಪ್ಯೂಬ್ಲೋ ದಂಗೆಯ ನಂತರ ಅದು ಮೂಲನಿವಾಸಿಗಳಲ್ಲಿ ಹರಡಿತೆಂದು ಬಹುಕಾಲ ನಂಬಲಾಗಿತ್ತು. ಹಳೆಯ ಮೂಳೆಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, 17ನೆಯ ಶತಮಾನದ ಮೊದಲ ಅರ್ಧದಲ್ಲೇ ರಾಕಿ ಸೀಮೆಯ ಜನ ಕುದುರೆ ಸಾಕುತ್ತಿದ್ದರೆಂದು ತೋರಿಸಿತು.

ಹೇರು ಕಟ್ಟುವುದೂ ಒಂದು ವಿದ್ಯೆ. ಹೇರಿನ ಜೀನಿನ ಮೇಲೆ ಮುಂದೊಂದು, ಹಿಂದೊಂದು ಅಡ್ಡಮರದ ಕತ್ತರಿ ಇರುತ್ತದೆ. ಡೆಕ್ಕರ್ ಎಂಬ ಬಗೆಯಲ್ಲಿ ಕತ್ತರಿಯ ಬದಲು ಕಬ್ಬಿಣದ ಬಳೆ. ಏರಿನಲ್ಲಿ ಜೀನು ಹಿಂದಕ್ಕೆ ಜಾರದಂತೆ ಎದೆಗೊಂದು ಪಟ್ಟಿ, ಇಳಿಜಾರಿನಲ್ಲಿ ಮುಂದಕ್ಕೆ ಜಾರದಂತೆ ಹಿಂಭಾಗಕ್ಕೊಂದು. ಸುಮಾರು 450 ಕಿಲೋ ತೂಗುವ ಕುದುರೆಗೆ 70ರಿಂದ 90 ಕಿಲೋ ಹೇರು ಸಾಕು. ಅದಕ್ಕಿಂತ ಮುಖ್ಯವಾದದ್ದು ಎರಡೂ ಬದಿಯ ತೂಕ. ಅನುಭವಿಗಳು ತಕ್ಕಡಿ ಹಿಡಿದು ತೂಗಿಯೇ ಕಟ್ಟುತ್ತಾರೆ. ಒಂದು ಬದಿ ವಾಲಿದರೆ ಜೀನು ಉಜ್ಜಿ ಬೆನ್ನು ಹುಣ್ಣಾಗುತ್ತದೆ. ಬೆನ್ನು ಕೆಟ್ಟ ಕುದುರೆ ಹೇರಿಗೆ ಬಾರದು.

ಕುದುರೆಗಳನ್ನು ಒಂದರ ಹಿಂದೊಂದು ಸಾಲಾಗಿ ಕಟ್ಟಿ ನಡೆಸುವಾಗ, ನಡುವಿನ ಕೊಂಡಿಗೆ ಬೇಕೆಂದೇ ತೆಳುವಾದ ಹಗ್ಗ ಹಾಕುತ್ತಾರೆ. ಒಂದು ಕುದುರೆ ಪ್ರಪಾತಕ್ಕೆ ಜಾರಿದರೆ ಹಗ್ಗ ಹರಿಯುತ್ತದೆ, ಉಳಿದವು ಬದುಕುತ್ತವೆ.

ಶರತ್ಕಾಲದಲ್ಲಿ ಅಲ್ಲಿ ಪರವಾನಗಿ ಪಡೆದು ಎಲ್ಕ್ ಬೇಟೆಯಾಡುವವರಿದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತಡೆ ಹಾಕಿತು; ಅಲ್ಲಿನ ಪದ್ಧತಿ ಬೇರೆ. ನಮ್ಮ ಕಡವೆಯ ಬಳಗಕ್ಕೆ ಸೇರಿದ ಎಲ್ಕ್‌ನ ಗಂಡು 300 ಕಿಲೋ ದಾಟುವುದುಂಟು. ಅದನ್ನು ನಾಲ್ಕು ಭಾಗ ಮಾಡಿ, ಬಟ್ಟೆಯ ಚೀಲದಲ್ಲಿ ಸುತ್ತಿ ಸಾಗಿಸಲು ಎರಡು ಕುದುರೆ ಬೇಕು. ಕೊಂಬಿನ ಮೊನೆ ಕುದುರೆಗೆ ಚುಚ್ಚದಂತೆ ಕಟ್ಟಬೇಕು. ರಕ್ತದ ವಾಸನೆಗೆ ಹೊಸ ಕುದುರೆ ಬೆದರುತ್ತದೆ. ಅದನ್ನು ನಿಧಾನವಾಗಿ ಪಳಗಿಸಬೇಕು. ತಡಮಾಡಿದರೆ ಮಾಂಸ ಕೆಡುತ್ತದೆ, ಇಲ್ಲವೇ ಕರಡಿ ಬರುತ್ತದೆ.

ಮೋಟಾರು ಯುಗದಲ್ಲೂ ಈ ವಿದ್ಯೆ ಉಳಿದದ್ದೇಕೆ? 1964ರ ಅರಣ್ಯಪ್ರದೇಶ ಕಾಯ್ದೆ, ಕಾಯ್ದಿಟ್ಟ ಕಾಡುಗಳಲ್ಲಿ ಮೋಟಾರು ವಾಹನ ಓಡಿಸುವುದನ್ನು ನಿಷೇಧಿಸಿತು. ಮೊಂಟಾನಾ ರಾಜ್ಯದ ಬಾಬ್ ಮಾರ್ಷಲ್ ಕಾಡು 10 ಲಕ್ಷ ಎಕರೆಗೂ ಹೆಚ್ಚು ವಿಸ್ತಾರವಾದದ್ದು. ಅಲ್ಲಿ ಕಾಲುದಾರಿ ರಿಪೇರಿಯ ಗರಗಸ, ಸೇತುವೆಯ ತೊಲೆ, ನೌಕರರ ಊಟದ ಸಾಮಾನು ಇಂದಿಗೂ ಕುದುರೆ, ಹೇಸರಗತ್ತೆಗಳ ಬೆನ್ನ ಮೇಲೆಯೇ ಹೋಗುತ್ತವೆ.

ಆದರೆ ಕಾಡು ಉಳಿಸಲು ಬಂದ ಕುದುರೆಯೇ ಕಾಡು ಕೆಡಿಸಲೂಬಹುದು. ಅದಕ್ಕೇ ಕಳೆಬೀಜವಿಲ್ಲದ ಹುಲ್ಲನ್ನಷ್ಟೇ ಒಯ್ಯಬೇಕು, ನೀರಿನ ದಡದಿಂದ ದೂರ ಕಟ್ಟಬೇಕು ಎಂಬ ನಿಯಮಗಳಿವೆ.

ಬೀಡು ತಲುಪಿದ ಮೇಲೆ ಬಲ್ಲ ಹೇರಾಳು ಮೊದಲು ಒಲೆ ಹಚ್ಚುವುದಿಲ್ಲ. ಜೀನು ಇಳಿಸಿ, ಕುದುರೆಯ ಬೆನ್ನಿನ ಮೇಲೆ ಅಂಗೈ ಆಡಿಸುತ್ತಾನೆ. ಎಲ್ಲಾದರೂ ಬಿಸಿಯಿದೆಯೇ, ಬಾವು ಬಂದಿದೆಯೇ ಎಂದು ನೋಡುತ್ತಾನೆ. ಬಾಯಿಲ್ಲದ ಪ್ರಾಣಿ ತನ್ನ ನೋವನ್ನು ಹೇಳಲಾರದು. ನಾಳೆಯ ದಾರಿ ಅದರ ಬೆನ್ನಿನ ಮೇಲೆಯೇ ನಿಂತಿದೆ.