ಸಾಲ ತಂದ ಸಂಖ್ಯೆ: ಹೀಲಿಯಂ ಅಣು ಮತ್ತು ಕರಿಹಲಗೆಯ ಲೆಕ್ಕ



ಈ ಸಂಕಿರಣದಲ್ಲಿ ಮುಂದೆ ಮಂಡನೆಯಾಗುವ ಪ್ರಬಂಧಗಳಲ್ಲಿ ಭಾರೀ ಕಂಪ್ಯೂಟರ್ ಲೆಕ್ಕಗಳಿವೆ. ಆಶಯ ಭಾಷಣದವನಿಗೆ ಆ ಹೊರೆಯಿಲ್ಲ. ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು. ಹೀಲಿಯಂ ಅಣುವಿನ ವಿಷಯದಲ್ಲಿ ಅಷ್ಟರಿಂದಲೇ ಎಷ್ಟು ದೂರ ಹೋಗಬಹುದು, ಎಲ್ಲಿ ಮುಗ್ಗರಿಸುತ್ತೇವೆ ಎಂಬುದಷ್ಟೇ ಇವತ್ತಿನ ನನ್ನ ಮಾತು.

ಎರಡು ಹೀಲಿಯಂ-4 ಪರಮಾಣುಗಳ ನಡುವಿನ ವಿಭವ ಸುಮಾರು 3 ಆಂಗ್‌ಸ್ಟ್ರಂ ದೂರದಲ್ಲಿ ಅತ್ಯಂತ ಕೆಳಗಿಳಿಯುತ್ತದೆ. ಆಳ ಸುಮಾರು 11 ಕೆಲ್ವಿನ್. ಒಳಗಡೆ ದಾಟಲಾಗದ ಗೋಡೆ. ಇದನ್ನು ಒರಟಾಗಿ ಒಂದು ಚೌಕ ಬಾವಿ ಮಾಡಿಕೊಳ್ಳಿ: ಗೋಡೆ, ಅದಕ್ಕೆ ಅಂಟಿಕೊಂಡು 11 ಕೆಲ್ವಿನ್ ಆಳದ ತಗ್ಗು, ಆಚೆ ಏನೂ ಇಲ್ಲ. ಬಿ.ಎಸ್ಸಿ. ಮಟ್ಟದ ಶ್ರೋಡಿಂಗರ್ ಸಮೀಕರಣ ಹೇಳುವುದೇನೆಂದರೆ, ತಗ್ಗಿನ ಅಗಲ ಸುಮಾರು 1.65 ಆಂಗ್‌ಸ್ಟ್ರಂ ಮೀರದಿದ್ದರೆ ಅಣುವೇ ಇಲ್ಲ. ಅಗಲ 1.66 ಎನ್ನಿ, ಬಂಧನ ಶಕ್ತಿ ಸುಮಾರು 1.3 ಮಿಲಿಕೆಲ್ವಿನ್. 1.67 ಎನ್ನಿ, 4.5ಕ್ಕೆ ಜಿಗಿಯುತ್ತದೆ. ಹೈಡ್ರೋಜನ್ ಅಣುವಿನ ಬಂಧ ಇದೇ ಅಳತೆಯಲ್ಲಿ ಸುಮಾರು 52,000 ಕೆಲ್ವಿನ್ ಎಂಬುದನ್ನು ಮನಸ್ಸಿನಲ್ಲಿಡಿ. ಅದೇ ಬಾವಿಗೆ ಹಗುರವಾದ ಹೀಲಿಯಂ-3 ಜೋಡಿಯನ್ನು ಹಾಕಿದರೆ 1.9 ಆಂಗ್‌ಸ್ಟ್ರಂ ಅಗಲ ಬೇಕಾಗುತ್ತದೆ; ಒಂದು 3, ಒಂದು 4 ಸೇರಿದರೆ 1.78. ಆ ಎರಡೂ ಜೋಡಿಗಳು ಅಣುವಾಗುವುದಿಲ್ಲ ಎಂಬ ಸತ್ಯ ಇಷ್ಟು ಬಡ ಮಾದರಿಯಿಂದಲೇ ಹೊರಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. 1.66 ಎಂಬ ಅಗಲವನ್ನು ನಾನು ಎಲ್ಲಿಂದ ತಂದೆ? ಉತ್ತರ ಗೊತ್ತಿದ್ದುದರಿಂದ ತಂದೆ. ಮಾದರಿ ಅದನ್ನು ತಾನಾಗಿ ಕೊಡಲಿಲ್ಲ. ವಿಭವದಲ್ಲಿ ನೂರರಲ್ಲಿ ಕೆಲವೇ ಪಾಲು ಆಚೀಚೆಯಾದರೂ ಅಣು ಇರುವುದೇ ಅನುಮಾನವಾಗುವಾಗ, ಆ ಕೆಲಸ ದೊಡ್ಡ ಲೆಕ್ಕದವರದ್ದೇ. ಬೆಳಕಿನ ವೇಗದ ಮಿತಿಯಿಂದ ದೂರದ ಸೆಳೆತ ತುಸು ಕುಂದುವ ಕ್ಯಾಸಿಮಿರ್–ಪೋಲ್ಡರ್ ಪರಿಣಾಮವನ್ನೂ ಅವರು ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಅವರ ಲೆಕ್ಕದಿಂದ ಒಂದೇ ಒಂದು ಸಂಖ್ಯೆ ಕೈಗೆ ಬಂದಮೇಲೆ ನೋಡಿ! ಅದನ್ನು ಚದುರಿಕೆಯ ಉದ್ದ ಎಂದು ಕರೆಯೋಣ, ಲ್ಯಾಬಿನಲ್ಲಿ ನಾವೆಲ್ಲ ಸ್ಕ್ಯಾಟರಿಂಗ್ ಲೆಂತ್ ಎನ್ನುವುದು. ಅದು ಬಲದ ವ್ಯಾಪ್ತಿಗಿಂತ ಬಹಳ ದೊಡ್ಡದಾಗಿದ್ದರೆ ಬಾವಿಯ ಆಕಾರ ಮರೆತುಹೋಗುತ್ತದೆ. ಅಣುವಿನ ಸರಾಸರಿ ಗಾತ್ರ ಅದರ ಅರ್ಧ. ಬಂಧನ ಶಕ್ತಿ ಅದರ ವರ್ಗಕ್ಕೆ ವಿಲೋಮ. ಬೆಥೆ ಮತ್ತು ಪೀಯರ್ಲ್ಸ್ 1935ರಲ್ಲಿ ಡ್ಯೂಟೆರಾನ್‌ಗಾಗಿ ಬಳಸಿದ ಉಪಾಯವೇ ಇದು.

ಪ್ರಯೋಗದವರೂ ಇದನ್ನೇ ನಂಬಿಕೊಂಡರು. 1993ರಲ್ಲಿ ಮಿನೆಸೋಟದ ತಂಡ ಈ ಅಣುವನ್ನು ಕಂಡೆವೆಂದಾಗ, ದೊಡ್ಡ ಗುಂಪುಗಳು ಅಯಾನೀಕರಣದಲ್ಲಿ ಒಡೆದು ಬಂದ ಚೂರುಗಳಿರಬಹುದೆಂಬ ಸಂಶಯ ಹುಟ್ಟಿತು. ಮರುವರ್ಷ ಗೋಟಿಂಗೆನ್‌ನಲ್ಲಿ ಶೋಲ್ಕಾಫ್ ಮತ್ತು ಟೋನೀಸ್ ತಣ್ಣನೆಯ ಹೀಲಿಯಂ ಧಾರೆಯನ್ನು ನ್ಯಾನೋ ಜಾಲರಿಯ ಮೂಲಕ ಹಾಯಿಸಿದರು. ಎರಡರಷ್ಟು ಭಾರದ ಅಣುವಿನ ಅಲೆಯುದ್ದ ಅರ್ಧ, ಬಾಗುವ ಕೋನವೂ ಅರ್ಧ. ಅಣು ಒಡೆಯುವ ಮೊದಲೇ ಬೇರ್ಪಟ್ಟು ನಿಂತಿತು. 2000ದಲ್ಲಿ ಅದೇ ಪ್ರಯೋಗಾಲಯ, ಅಣು ದೊಡ್ಡದಾದಷ್ಟೂ ಸೀಳು ಕಿರಿದಾದಂತೆ ವರ್ತಿಸುವುದನ್ನು ಬಳಸಿ ಗಾತ್ರ ಅಳೆಯಿತು: ಸುಮಾರು 52 ಆಂಗ್‌ಸ್ಟ್ರಂ. ಶಕ್ತಿಯನ್ನು ನೇರವಾಗಿ ಅಳೆಯಲಿಲ್ಲ. 52ರ ಎರಡರಷ್ಟು 104, ಅದರಿಂದ 1.1 ಮಿಲಿಕೆಲ್ವಿನ್ ಎಂದು ಕರಿಹಲಗೆಯ ಸೂತ್ರದಿಂದಲೇ ತೆಗೆದರು. 2016ರಲ್ಲಿ ಫ್ರಾಂಕ್‌ಫರ್ಟ್ ತಂಡ ಜೋಡಿಯನ್ನು ಸಿಡಿಸಿ, ತರಂಗ ಫಲನದ ಬಾಲ ಎಷ್ಟು ಬೇಗ ಸವೆಯುತ್ತದೆಂದು ನೋಡಿ ಹೇಳಿದ ಬೆಲೆ 1.8ರ ಆಸುಪಾಸು. ಸೂತ್ರದ ಚೌಕಟ್ಟು ಅದೇ, ಓದು ಮಾತ್ರ ಉತ್ತಮ.

ಮೂರನೆಯ ಪರಮಾಣು ಬಂದೊಡನೆ ಆಟ ಕೆಡುತ್ತದೆ. ಶೂನ್ಯ ವ್ಯಾಪ್ತಿಯ ಬಲದಡಿ ಮೂರು ಕಣಗಳು ತಳವಿಲ್ಲದೆ ಕುಸಿಯುತ್ತವೆಂದು 1935ರಲ್ಲೇ ಥಾಮಸ್ ತೋರಿಸಿದ್ದ. ಅದನ್ನು ತಡೆಯಲು ಎರಡನೆಯ ಸಂಖ್ಯೆಯನ್ನು ಸಾಲ ತರಬೇಕು. 1970ರಲ್ಲಿ ವಿಟಾಲಿ ಎಫಿಮೋವ್ ಕಂಡದ್ದು ಇದರ ಇನ್ನೊಂದು ಮುಖ: ಚದುರಿಕೆಯ ಉದ್ದ ಅನಂತವಾದರೆ ಮೂವರ ಬಂಧಸ್ಥಿತಿಗಳ ಸಾಲೇ ಇರುತ್ತದೆ, ಒಂದೊಂದೂ ಹಿಂದಿನದಕ್ಕಿಂತ 22.7 ಪಟ್ಟು ದೊಡ್ಡದು, ಶಕ್ತಿ ಸುಮಾರು 515 ಪಟ್ಟು ಕಡಿಮೆ. ಹೀಲಿಯಂನಲ್ಲಿ? ಕೆಳಸ್ಥಿತಿ ಸುಮಾರು 126 ಮಿಲಿಕೆಲ್ವಿನ್, ಮೇಲಿನದು 2.6. ಅನುಪಾತ 515 ಎಲ್ಲಿ, 48 ಎಲ್ಲಿ! ಇದನ್ನು ಸೋಲೆಂದು ನಾನು ಒಪ್ಪುವುದಿಲ್ಲ. ಕೆಳಸ್ಥಿತಿಯ ಮೂವರು ಬಲದ ವ್ಯಾಪ್ತಿಯ ಹತ್ತಿರವೇ ಇದ್ದಾರೆ, ಚದುರಿಕೆಯ ಉದ್ದವೂ ಅನಂತವಲ್ಲ. ಎಫಿಮೋವ್‌ನ ನಿಜವಾದ ಗುರುತು ಬೇರೆ: ಸೆಳೆತವನ್ನು ಹೆಚ್ಚಿಸುತ್ತ ಹೋದರೆ ಆ ಮೇಲಿನ ಸ್ಥಿತಿ ಗಟ್ಟಿಯಾಗುವ ಬದಲು ಕಾಣೆಯಾಗುತ್ತದೆ, ಜೋಡಿಯೇ ಅದನ್ನು ಹಿಂದೆ ಹಾಕಿಬಿಡುತ್ತದೆ. 2015ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕಂಡದ್ದು ಈ ಸ್ಥಿತಿಯನ್ನೇ.

ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ಒಂದು ಕೋರಿಕೆ. ನಿಮ್ಮ ಮಾದರಿ ಎಷ್ಟು ಸರಳ, ಎಷ್ಟು ಸಂಕೀರ್ಣ ಎಂಬುದಕ್ಕಿಂತ ಮೊದಲು, ಯಾವ ಸಂಖ್ಯೆಗಳನ್ನು ಹೊರಗಿನಿಂದ ತಂದಿರಿ, ಯಾವುದನ್ನು ಮಾದರಿ ದುಡಿದು ಕೊಟ್ಟಿತು ಎಂದು ಮೊದಲ ಸ್ಲೈಡಿನಲ್ಲೇ ಹೇಳಿ. ಚರ್ಚೆಗೆ ಒಂದು ಪ್ರಶ್ನೆಯನ್ನೂ ಇಟ್ಟುಹೋಗುತ್ತೇನೆ. 3 ಮತ್ತು 4ರ ಜೋಡಿ ಕೂಡುವುದಿಲ್ಲ, ಆದರೆ ಎರಡು ಹೀಲಿಯಂ-4 ಇರುವಲ್ಲಿಗೆ ಒಂದು ಹೀಲಿಯಂ-3 ಬಂದರೆ ಮೂವರೂ ಕೂಡುತ್ತಾರೆ. ಇದಕ್ಕೆ ಎಷ್ಟು ಸಂಖ್ಯೆಗಳ ಸಾಲ ಬೇಕು?